ಕಾರೆಮುಳ್ಳಿನ ಬೇಲಿ

ಆಷಾಢದ ಗಾಳಿ ಎದ್ದಿತೆಂದರೆ ದೊಡ್ಡೇರಿ ಕಡೆಯ ಬಯಲಲ್ಲಿ ನಿಂತು ಹಕ್ಕಿ ನೋಡುವುದು ಆಗದ ಮಾತು. ದುರ್ಬೀನು ಕೈಯಲ್ಲಿ ನಿಲ್ಲುವುದಿಲ್ಲ, ಕಣ್ಣಿಗೆ ಮಣ್ಣು. ಬೇಲಿಯ ಮರೆ ಹಿಡಿಯಬೇಕು. ನಾನು ಹಿಡಿದಿರುವುದು ಒಂದು ಗೊಲ್ಲರಹಟ್ಟಿಯ ಹೊರಗಿನ ಬೇಲಿ.

ಇಲ್ಲಿ ಬೇಲಿ ಎರಡು ಥರ. ಹಟ್ಟಿಯ ಸುತ್ತ ಕಾರೆ, ಬಳ್ಳಾರಿ ಜಾಲಿ ಕಡಿದು ತಂದು ಒಟ್ಟಿದ ಒಣಬೇಲಿ. ಹೊಲದ ಬದುವಿನುದ್ದ ಕಳ್ಳಿ, ಕತ್ತಾಳೆ, ಲಂಟಾನ ಹೆಣೆದುಕೊಂಡು, ಮೇಲೆ ತೊಂಡೆಬಳ್ಳಿ ಹಬ್ಬಿದ ಹಸಿಬೇಲಿ. ಒಣಬೇಲಿಯಲ್ಲಿ ಓತಿಕ್ಯಾತ, ಚೇಳು, ಗೆದ್ದಲು. ಹಸಿಬೇಲಿಯಲ್ಲಿ ಪಿಕಳಾರ, ಟುವ್ವಿ, ಮುಂಗುಸಿ. ಬುಡದಲ್ಲಿ ಗೌಜಲಹಕ್ಕಿಯ ಸಂಸಾರ. ಹಿಂದೆ ಕುರಿಗೆ ತೋಳದ, ಕರುವಿಗೆ ಚಿರತೆಯ ಭಯವಿದ್ದಾಗ ಮುಳ್ಳು ಒಟ್ಟಿದ್ದರು. ಚಿರತೆಯ ಭಯ ಈಗಲೂ ಹೋಗಿಲ್ಲ. ಮಧುಗಿರಿ, ಕೊರಟಗೆರೆಯ ಬಂಡೆಗುಡ್ಡಗಳಲ್ಲಿ ಅದು ಇದ್ದೇ ಇದೆ.

ಈ ದಿನ ಜಾಲಿಯ ಮೇಲೊಂದು ಕಳಿಂಗ ಕೂತಿತ್ತು. ಗುಬ್ಬಿಗಿಂತ ತುಸು ದೊಡ್ಡದು, ಕಂದುಗೆಂಪು ಬೆನ್ನು, ಕಣ್ಣಿನ ಮೇಲೆ ಕರಿಪಟ್ಟಿ. ದೊಪ್ಪನೆ ನೆಲಕ್ಕೆ ಬಿದ್ದು ಮಿಡತೆ ಹಿಡಿಯಿತು. ಮತ್ತೆ ಜಾಲಿಗೆ ಹಾರಿ ಅದನ್ನು ಮುಳ್ಳಿಗೆ ಸಿಕ್ಕಿಸಲು ನೋಡಿತು. ಎರಡು ಸಲ ಮುಳ್ಳು ತಪ್ಪಿತು, ಮೂರನೆಯ ಸಲ ಎದೆಗೆ ಸರಿಯಾಗಿ ನಾಟಿತು. ತಲೆ ಕಿತ್ತು ತಿಂದು, ಉಳಿದದ್ದನ್ನು ಅಲ್ಲೇ ಬಿಟ್ಟು ಹಾರಿತು. ಮಿಡತೆಯ ಹಿಂಗಾಲು ಇನ್ನೂ ಮಡಚಿ ಬಿಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಇರುವೆ ಸಾಲು ಕೊಂಬೆ ಹತ್ತಿತು. ನೋಡುವವರು ಕಳಿಂಗನನ್ನು ಕಟುಕ ಅನ್ನುತ್ತಾರೆ. ಅದರ ಕಾಲಲ್ಲಿ ಗಿಡುಗನಿಗಿರುವ ಹಿಡಿತವಿಲ್ಲ, ಅದಕ್ಕೇ ಮುಳ್ಳಿನ ಆಸರೆ. ಹಕ್ಕಿಗೆ ಗುಣ ದೋಷ ಕಟ್ಟುವ ಚಾಳಿ ನಮ್ಮದು.

ಎರಡು ಬೇಲಿ ಕೂಡುವಲ್ಲಿ ಒಂದು ಗುಡ್ಲು. ತೆಂಗಿನ ಗರಿ, ಮೇಲೆ ನೀಲಿ ಪ್ಲಾಸ್ಟಿಕ್, ಅದು ಹಾರದಂತೆ ನಾಲ್ಕು ಕಲ್ಲು. ಮುಟ್ಟಾದ ಹೆಂಗಸರು, ಹೆತ್ತ ಬಾಣಂತಿಯರು ಇರುವ ಜಾಗ. ಅವರು ಒಳಗಿದ್ದರೆ ಹಟ್ಟಿಯ ದೇವರಿಗೆ ಮೈಲಿಗೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಇಂಥದೇ ಗುಡ್ಲಲ್ಲಿ, ಮಳೆ ಥಂಡಿಗೆ ಹಸುಗೂಸೊಂದು ತೀರಿಕೊಂಡಿತು. ಹೀಗೆ ಹೊರಗಿಡುವುದು ತಪ್ಪೆಂದು ಹೇಳುವ ಮೌಢ್ಯ ನಿಷೇಧ ಕಾಯ್ದೆ 2017ರಲ್ಲೇ ಪಾಸಾಗಿ, 2020ರ ಜನವರಿಯಿಂದ ಜಾರಿಯಲ್ಲಿತ್ತು. ಈ ಗಾಳಿಯಲ್ಲಿ ನನ್ನ ಸ್ವೆಟರಿನೊಳಕ್ಕೇ ಚಳಿ ಇಳಿಯುತ್ತದೆ.

ಬೇಲಿ ತಡೆಯುವುದು ಹೆಂಗಸರನ್ನಷ್ಟೇ ಅಲ್ಲ. 2019ರ ಸೆಪ್ಟೆಂಬರ್ 16ರಂದು ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದಾಗ, ಪರಿಶಿಷ್ಟ ಜಾತಿಯವರು ಒಳಗೆ ಬರುವ ಪದ್ಧತಿಯಿಲ್ಲ ಎಂದು ತಡೆದರು. ಹೊರಗೇ ಕುರ್ಚಿ ಹಾಕಿ ಕೂರಿಸಿದರು. ವೋಟು ಒಳಗೆ ಬರಬಹುದು, ವೋಟು ಪಡೆದವರು ಬರುವಂತಿಲ್ಲ. ತಡೆದವರೂ ಮೇಲು ಜಾತಿಯ ದೊಡ್ಡ ಕುಳಗಳಲ್ಲ, ಕುರಿ ಕಾಯುವ ಬಡವರು ಎಂಬುದೇ ನನಗೆ ಹೆಚ್ಚು ಕಸಿವಿಸಿ. ತಮ್ಮ ಕುಲದ ವೀರ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಬಾಯಲ್ಲೇ ಹಾಡಬಲ್ಲ ಜನ ಇವರು.

ದೇವರು ಧರ್ಮದ ಬಗ್ಗೆ ನನಗೆ ಅಂಥ ತಕರಾರಿಲ್ಲ. ಹೊಸ್ತಿಲಲ್ಲಿ ನಿಂತು ನೀನು ಶುದ್ಧ, ನೀನು ಅಶುದ್ಧ ಎಂದು ಚೀಟಿ ಹರಿಯುವ ಕೆಲಸ ಇದೆಯಲ್ಲ, ಅದು ಬೇಸರ. ಅದು ಒಂದೇ ಮತದ ಕೆಲಸವಲ್ಲ. ಯಹೂದಿಗಳ ಹಳೆಯ ಗ್ರಂಥ ಮುಟ್ಟಾದವಳಿಗೆ ಏಳು ದಿನದ ಮೈಲಿಗೆ ಹೇಳುತ್ತದೆ. ಮುಂಬೈಯ ಹಾಜಿ ಅಲಿ ದರ್ಗಾದ ಒಳಗಿನ ಗೋರಿಯವರೆಗೆ ಹೆಂಗಸರು ಹೋಗಲು 2016ರಲ್ಲಿ ಹೈಕೋರ್ಟ್ ಹೇಳಬೇಕಾಯಿತು. ನೇಪಾಳದ ಪಶ್ಚಿಮದ ಬೆಟ್ಟಗಳಲ್ಲೂ ಹೀಗೇ ಗುಡ್ಲುಗಳಿವೆ, ಆ ಪದ್ಧತಿಗೆ ಛೌಪಡಿ ಅನ್ನುತ್ತಾರೆ. 2017ರಲ್ಲಿ ಅಲ್ಲೂ ಕಾನೂನು ಬಂತು.

ಕುರಿಮರಿಗೆ ಸೊಪ್ಪು ಕಡಿಯಲು ಬಂದ ಅಜ್ಜಿಯೊಬ್ಬರು ನನ್ನ ಪಕ್ಕ ಕುಕ್ಕರಿಸಿದರು. ಗುಡ್ಲಿನ ಮಾತು ತೆಗೆದೆ.

“ದ್ಯಾವ್ರು ಮುನಿತಾನೆ ಸಾಮಿ,” ಅಂದರು. ಆಮೇಲೆ ದುರ್ಬೀನಿನ ಕಡೆ ನೋಡುತ್ತಾ, “ತುಮ್ಕೂರಾಗೆ ನಿಮ್ ಮಂದಿ ಜಾತಿ ಕೇಳ್ದೆ ಬಾಡಿಗೆ ಮನೆ ಕೊಡ್ತಾರಾ?”

ಕೊಡುವುದಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕಿ, ಫೋನಿನಲ್ಲಿ ಹೆಸರು ಕೇಳಿಯೇ ಮನೆ ಖಾಲಿಯಿಲ್ಲ ಅನ್ನುತ್ತಾರೆ. ಹಟ್ಟಿಯವರನ್ನು ಮೂಢರು ಎಂದು ಟೀವಿ ಮುಂದೆ ಕೂತು ತೀರ್ಪು ಕೊಡುವವರೂ ಅವರೇ. ಅಜ್ಜಿಯ ಮಾತಿನಿಂದ ಗುಡ್ಲು ಸರಿಯಾಗುವುದಿಲ್ಲ, ನಿಜ. ಅವರ ಪ್ರಶ್ನೆಯೂ ಸುಳ್ಳಾಗುವುದಿಲ್ಲ.

ಶಿರಾದ ಹತ್ತಿರ ಕಗ್ಗಲಡು ಇದೆ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನು ಕೊಳೆತ ವಾಸನೆ, ಅಂಗಳಕ್ಕೆಲ್ಲ ಹಿಕ್ಕೆ. ಊರವರು ಸಹಿಸಿಕೊಂಡು ಕಾಯುತ್ತಾರೆ, ಬಂದರೆ ಶುಭ ಅನ್ನುತ್ತಾರೆ. ಹಿಕ್ಕೆಗಿಲ್ಲದ ಮೈಲಿಗೆ ಬಾಣಂತಿಗೆ ಹೇಗೆ ಬಂತೋ! ನಂಬಿಕೆಗೆ ಜಾಗ ಬಿಡುವುದೂ ಗೊತ್ತು, ಅದು ಬೇಕಾದ ಕಡೆ ಬಿಡುತ್ತದೆ ಅಷ್ಟೆ.

ಮಧ್ಯಾಹ್ನದ ಬಸ್ಸಿಗೆ ಅಜ್ಜಿಯ ಮೊಮ್ಮಗಳು ಬಂದಳು. ಮಧುಗಿರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಾಳಂತೆ. ಅಲ್ಲಿ ತಿಂಗಳ ಮೂವತ್ತು ದಿನವೂ ಅದೇ ಮಂಚ, ಇಲ್ಲಿಗೆ ಬಂದರೆ ಗುಡ್ಲು. “ಹಾಸ್ಟೆಲ್ಲಲ್ಲಿ ದೇವರು ಮುನಿಯಲ್ವಾ ಅಂತ ಕೇಳ್ದೆ ಸಾರ್, ಅಜ್ಜೀನ,” ಎಂದು ನಕ್ಕಳು.

“ಏನಂದ್ರು?”

“ಮಧುಗಿರಿ ದೂರ, ಅವ್ನಿಗೆ ಕಾಣ್ಸಲ್ಲ ಅಂದ್ಲು.”

ಅಜ್ಜಿ ಸೊಪ್ಪಿನ ಹೊರೆ ಎತ್ತಿಕೊಂಡು, “ಅದ್ಕೇ ನಿನ್ನ ಅಲ್ಲೇ ಓದಕ್ಕೆ ಬಿಟ್ಟಿರಾದು, ನಡಿ,” ಅಂದರು.