ಯೂರಿಯಾ ಚೀಲದ ಹಿಂದಿನ ಕ್ವಾಂಟಮ್ ಲೆಕ್ಕ

ಹೂ ಬಿಡುವ ಹೊತ್ತಿನ ಅಲಸಂದೆ ಗಿಡವನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ ನೋಡಿ. ಬೇರಿನುದ್ದಕ್ಕೂ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿಯಾದ ಪ್ರೋಟೀನಿನ ಬಣ್ಣ. ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಅಮೋನಿಯ ಮಾಡುತ್ತಿವೆ ಎನ್ನುವುದಕ್ಕೆ ಆ ಕೆಂಪೇ ಗುರುತು. ಕುಲುಮೆ ಬೇಡ, ಒತ್ತಡ ಬೇಡ. ಹೊಲದ ಮಣ್ಣಿನ ಬಿಸಿಯಲ್ಲೇ ಕೆಲಸ ಸಾಗುತ್ತದೆ.

ಮನುಷ್ಯ ಅದನ್ನೇ ಮಾಡಲು ಪಡುವ ಪಾಡು ದೊಡ್ಡದು. 1909ರಲ್ಲಿ ಫ್ರಿಟ್ಜ್ ಹೇಬರ್ ಪ್ರಯೋಗಾಲಯದಲ್ಲಿ ತೋರಿಸಿ, 1913ರಲ್ಲಿ ಕಾರ್ಲ್ ಬಾಷ್ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆಗೆ ಏರಿಸಿದ ವಿಧಾನಕ್ಕೆ 400 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ, ವಾತಾವರಣದ 100 ಪಟ್ಟಿಗೂ ಮೀರಿದ ಒತ್ತಡ ಬೇಕು. ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಾಗುವುದೂ ಇಂಥ ಅಮೋನಿಯದಿಂದಲೇ. ಜಗತ್ತು ಬಳಸುವ ಶಕ್ತಿಯಲ್ಲಿ ಶೇ 1ರಿಂದ 2ರಷ್ಟು ಇದಕ್ಕೇ ಹೋಗುತ್ತದೆ. ಹಾಗೆಂದು ಬಿಡುವಂತಿಲ್ಲ, ಭೂಮಿಯ ಮೇಲಿನ ಸುಮಾರು ಅರ್ಧದಷ್ಟು ಜನರ ಅನ್ನ ಇದನ್ನೇ ನಂಬಿದೆ.

ಬ್ಯಾಕ್ಟೀರಿಯಾದ ಗುಟ್ಟು ನೈಟ್ರೋಜಿನೇಸ್ ಎಂಬ ಕಿಣ್ವದಲ್ಲಿದೆ. ಅದರೊಳಗೆ 7 ಕಬ್ಬಿಣ, 9 ಗಂಧಕ, ತಲಾ ಒಂದು ಮಾಲಿಬ್ಡಿನಮ್ ಮತ್ತು ಇಂಗಾಲದ ಪರಮಾಣು ಕೂಡಿದ ಪುಟ್ಟ ಗುಚ್ಛವಿದೆ. ಅದರ ಆಕಾರ ಗೊತ್ತು. ಸಾರಜನಕದ ಬಿಗಿ ಬಂಧವನ್ನು ಅದು ಹಂತಹಂತವಾಗಿ ಹೇಗೆ ಸಡಿಲಿಸುತ್ತದೆ ಎಂಬುದು ಮಾತ್ರ ಪೂರ್ತಿ ಬಗೆಹರಿದಿಲ್ಲ. ಅಲ್ಲಿನ ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಬಿಡಿಯಾಗಿ ಲೆಕ್ಕ ಹಾಕಲಾಗದು. ಎಲೆಕ್ಟ್ರಾನಿಗೆ ಎರಡೇ ಸ್ಥಿತಿ ಎಂದುಕೊಂಡರೂ, ಒಂದೊಂದು ಸೇರಿದಂತೆ ಒಟ್ಟು ಸಾಧ್ಯತೆ ಇಮ್ಮಡಿಯಾಗುತ್ತದೆ. 50 ಸೇರುವಷ್ಟರಲ್ಲಿ ಅದು ಸಾವಿರ ಲಕ್ಷ ಕೋಟಿ ದಾಟುತ್ತದೆ. ಸೂಪರ್ ಕಂಪ್ಯೂಟರುಗಳು ಅಂದಾಜಿನ ಮೊರೆ ಹೋಗುವುದು ಅದಕ್ಕೇ.

ನಿಸರ್ಗವೇ ಕ್ವಾಂಟಮ್ ನಿಯಮದಂತೆ ನಡೆಯುವಾಗ ಅದನ್ನು ಅನುಕರಿಸುವ ಯಂತ್ರವೂ ಹಾಗೆಯೇ ಇರಲಿ ಎಂದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1981ರಲ್ಲಿ ಹೇಳಿದ್ದು ಈ ತೊಡಕನ್ನು ಕಂಡೇ. ಸೊನ್ನೆ ಮತ್ತು ಒಂದರ ಮಿಶ್ರ ಸ್ಥಿತಿಯಲ್ಲಿರಬಲ್ಲ ಕ್ಯೂಬಿಟ್‌ಗಳು ತಾವೇ ಎಲೆಕ್ಟ್ರಾನ್‌ಗಳಂತೆ ಹೆಣೆದುಕೊಳ್ಳಬಲ್ಲವು, ಸಾಧ್ಯತೆಗಳ ಪಟ್ಟಿಯನ್ನು ಬರೆದಿಡಬೇಕಿಲ್ಲ. ಕ್ವಾಂಟಮ್ ಕಂಪ್ಯೂಟರ್ ಎಂದರೆ ಎಲ್ಲ ಕೆಲಸಕ್ಕೂ ಬಲು ವೇಗದ ಯಂತ್ರ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಸಂಬಳದ ಪಟ್ಟಿಗೆ, ರೈಲು ಟಿಕೆಟ್ಟಿಗೆ ಅದರಿಂದ ಏನೂ ಲಾಭವಿಲ್ಲ. ಬ್ಯಾಂಕುಗಳ ಇಂದಿನ ಗೂಢಲಿಪಿಗಳಲ್ಲಿ ಕೆಲವನ್ನು ಅದು ಮುಂದೊಂದು ದಿನ ಮುರಿಯಬಲ್ಲದು, ನಿಜ. ಅದಕ್ಕೆ ಜಗ್ಗದ ಹೊಸ ಗೂಢಲಿಪಿ ಮಾನದಂಡಗಳನ್ನು ಅಮೆರಿಕ 2024ರಲ್ಲೇ ಪ್ರಕಟಿಸಿದೆ. ಕ್ವಾಂಟಮ್ ಯಂತ್ರದ ನಿಜವಾದ ಕಸುವು ಇರುವುದು ಅಣುಗಳ ಲೋಕದಲ್ಲಿ: ಗೊಬ್ಬರ, ಬ್ಯಾಟರಿ, ಔಷಧ.

ದಾರಿ ಇನ್ನೂ ದೂರವಿದೆ. ನೈಟ್ರೋಜಿನೇಸ್‌ನ ಆ ಗುಚ್ಛದ ಒಂದು ಲೆಕ್ಕಕ್ಕೆ ಸುಮಾರು 40 ಲಕ್ಷ ಕ್ಯೂಬಿಟ್, 4 ದಿನ ಬೇಕಾದೀತು ಎಂದು 2021ರ ಒಂದು ಅಧ್ಯಯನ ಅಂದಾಜಿಸಿತು. ಗೂಗಲ್ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವಿಲೋ ಚಿಪ್‌ನಲ್ಲಿದ್ದದ್ದು 105. ಬೆಂಗಳೂರಿನ ಕಂಪನಿಯೊಂದು 2025ರಲ್ಲಿ ಹೊರತಂದ ಇಂಡಸ್ ಎಂಬ ಕಂಪ್ಯೂಟರಿನಲ್ಲಿ 25. ಕ್ಯೂಬಿಟ್ ಸ್ವಲ್ಪ ಅಲುಗಿದರೂ ಕೆಡುತ್ತದೆ. ನಂಬಬಹುದಾದ ಒಂದನ್ನು ಕಟ್ಟಲು ಹಲವನ್ನು ಒಟ್ಟಿಗೆ ದುಡಿಸಬೇಕು. ಹಾಗೆ ಗುಂಪು ಹಿಗ್ಗಿದಂತೆ ತಪ್ಪು ತಗ್ಗುತ್ತದೆಂದು ವಿಲೋ ತೋರಿಸಿದ್ದರಿಂದಲೇ ನನಗೆ ಭರವಸೆ.

ಲೆಕ್ಕ ಕೂಡಿಬಂದರೂ ತಣ್ಣಗೆ ಕೆಲಸ ಮಾಡುವ ವೇಗವರ್ಧಕವನ್ನು ಪ್ರಯೋಗಾಲಯದಲ್ಲಿ ಕಟ್ಟಬೇಕು. ಕಟ್ಟಿದವರು ಪೇಟೆಂಟ್ ಪಡೆದರೆ 20 ವರ್ಷ ಅವರದೇ ಹಕ್ಕು, ಅವರು ಕೇಳುವ ಬೆಲೆಯ ಹೊರೆ ಸರ್ಕಾರದ ಮೇಲೂ ಬೀಳಬಹುದು. 45 ಕಿಲೋ ಯೂರಿಯಾ ಚೀಲ ನಮ್ಮ ರೈತನಿಗೆ ತೆರಿಗೆ, ಬೇವು ಲೇಪನದ ಖರ್ಚು ಬಿಟ್ಟು 242 ರೂಪಾಯಿಗೆ ಸಿಗುವುದು ಉಳಿದದ್ದನ್ನು ಸರ್ಕಾರ ಭರಿಸುವುದರಿಂದ. 2023ರಲ್ಲಿ ಕೇಂದ್ರ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮೀಸಲು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅದೇ ಊರಿನ ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯವೂ ಇದೆ. ಯಂತ್ರ ಸಿದ್ಧವಾದ ಮೇಲೆ ಅದಕ್ಕೆ ಯಾವ ಲೆಕ್ಕ ಕೊಡಬೇಕೆಂದು ಈ ಎರಡೂ ಕಡೆಯವರು ಈಗಲೇ ಕೂತು ಮಾತಾಡಬೇಕು. ಸಾರ್ವಜನಿಕ ಹಣದಿಂದ ಹುಟ್ಟುವ ಉತ್ತರ ಯಾರ ಹೆಸರಿನಲ್ಲಿ ನೋಂದಣಿಯಾಗಬೇಕು ಎನ್ನುವುದನ್ನೂ.