ಮನೆಯಲ್ಲಿ ಎಷ್ಟು ಗ್ಯಾಸ್ ಸಿಲಿಂಡರ್ ಇಡಬಹುದು?

ಸಂಘದ ಅಕ್ಕತಂಗಿಯರೇ, ಬೆಂಗಳೂರಿಗೆ ಒಂದು ಗ್ಯಾಸ್ ಕಾನೂನು, ನಮ್ಮ ಜಗಳೂರಿಗೆ ಇನ್ನೊಂದು ಅಂತ ಇದೆಯಾ? ಇಲ್ಲ. ಅಮೆರಿಕದಲ್ಲಿ ಊರಿಂದ ಊರಿಗೆ ನಿಯಮ ಬದಲಾಗುವುದುಂಟು. ಅಲ್ಲಿ ಪ್ರೊಪೇನ್ ತುಂಬಿದ ದೊಡ್ಡ ಸಿಲಿಂಡರನ್ನು ಸಾಮಾನ್ಯವಾಗಿ ಮನೆಯ ಹೊರಗೇ ಇಡಬೇಕು. ನಮ್ಮಲ್ಲಿ ಪ್ರೊಪೇನ್, ಬ್ಯುಟೇನ್ ಬೆರೆತ ಎಲ್‌ಪಿಜಿ ಸಿಲಿಂಡರ್ ಅಡುಗೆಮನೆಯಲ್ಲೇ ಇರುತ್ತೆ. ನಿಯಮ ಕೇಂದ್ರ ಸರ್ಕಾರದ್ದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಲ್ಲಕ್ಕೂ ಅದೇ.

ಗೊಂದಲ ಆಗೋದು ಎರಡು ನಿಯಮ ಇರುವುದರಿಂದ. 2016ರ ಗ್ಯಾಸ್ ಸಿಲಿಂಡರ್ ನಿಯಮದ ಪ್ರಕಾರ 100 ಕಿಲೋವರೆಗೆ ಎಲ್‌ಪಿಜಿ ಇಡಲು ಲೈಸೆನ್ಸ್ ಬೇಡ. ಇದನ್ನು ಕೇಳಿದವರು "ಹಾಗಾದ್ರೆ 14.2 ಕಿಲೋದ ಏಳು ಸಿಲಿಂಡರ್ ಇಟ್ಕೋಬಹುದಲ್ಲ" ಅಂತಾರೆ. ಆಗಲ್ಲ. 2000ದ ಎಲ್‌ಪಿಜಿ ಸರಬರಾಜು ಆದೇಶದಂತೆ ಒಂದು ಮನೆಗೆ ಒಂದೇ ಗೃಹಬಳಕೆ ಕನೆಕ್ಷನ್. ಡಬಲ್ ಕನೆಕ್ಷನ್ ಇದ್ದರೆ ಎರಡು ಸಿಲಿಂಡರ್, ಅಷ್ಟೇ. ಅದೂ ಮನೆ ಅಡುಗೆಗೆ ಮಾತ್ರ.

ನಮ್ಮ ಸಂಘದವರಿಗೆ ಪೆಟ್ಟು ಬೀಳೋದು ಇಲ್ಲೇ. ಮಿರ್ಚಿ ಮಂಡಕ್ಕಿ ಗಾಡಿಗೆ, ರೊಟ್ಟಿ ಮಾಡಿ ಮಾರುವ ಶೆಡ್ಡಿಗೆ ಮನೆಯ ಕೆಂಪು ಸಿಲಿಂಡರ್ ಒಯ್ದರೆ ಕಾನೂನು ತಪ್ಪುತ್ತೆ. ವ್ಯಾಪಾರಕ್ಕೆ 19 ಕಿಲೋದ ಸಿಲಿಂಡರ್ ಬೇರೆಯೇ ಇದೆ. ಅದು ದುಬಾರಿ, ನಿಜ. ಆದರೆ ವಿಮೆಯನ್ನೂ ಲೆಕ್ಕ ಹಾಕಿ. ಗ್ರಾಹಕರಿಂದ ಪ್ರತ್ಯೇಕ ಕಂತು ಕೇಳದೆ ತೈಲ ಕಂಪನಿಗಳೇ ಗ್ಯಾಸ್ ಅಪಘಾತಕ್ಕೆ ವಿಮೆ ಮಾಡಿಸಿರುತ್ತವೆ. ಸಾವಾದರೆ ಒಬ್ಬರಿಗೆ 6 ಲಕ್ಷ ರೂಪಾಯಿವರೆಗೆ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ. ಆಸ್ತಿಯ ಪರಿಹಾರ ಕನೆಕ್ಷನ್ ನೋಂದಾಯಿಸಿದ ವಿಳಾಸದಲ್ಲಿ ಆದ ನಷ್ಟಕ್ಕೆ ಮಾತ್ರ. ಗಾಡಿ ಸುಟ್ಟರೆ ಸಾಲದ ಕಂತು ಕಟ್ಟೋರು ಯಾರು? ಬಾಡಿಗೆ ಮನೆ ಬದಲಿಸಿದವರೂ ಏಜೆನ್ಸಿಗೆ ಹೋಗಿ ವಿಳಾಸ ಬದಲಿಸಿಕೊಳ್ಳಿ. ಅಪಘಾತವಾದರೆ ತಡಮಾಡದೆ ಏಜೆನ್ಸಿಗೆ ಬರವಣಿಗೆಯಲ್ಲಿ ತಿಳಿಸಬೇಕು.

ಬೆಂಗಳೂರಿಗೂ ನಮಗೂ ವ್ಯತ್ಯಾಸ ಇರೋದು ಗ್ಯಾಸಿನಲ್ಲಿ. ಅಲ್ಲಿ ಹಲವು ಮನೆಗಳಿಗೆ ಪೈಪಿನಲ್ಲಿ ನೈಸರ್ಗಿಕ ಅನಿಲ ಬರುತ್ತೆ. ಅದು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಡುತ್ತೆ. ಹಾಗಾಗಿ ಮೇಲಿನ ಕಿಟಕಿ ಒಂದೇ ಸಾಲದು, ಗಾಳಿ ಕೆಳಗಿನಿಂದಲೂ ಆಡಬೇಕು. ನಮ್ಮ ಹಳ್ಳಿಮನೆಗಳಲ್ಲಿ ಒಂದೇ ಕೋಣೆಯಲ್ಲಿ ಗ್ಯಾಸೂ ಇರುತ್ತೆ, ನೆಲದ ಮೇಲೆ ಸೌದೆ ಒಲೆಯೂ ಉರಿಯುತ್ತೆ. ಸೋರಿದ ಗ್ಯಾಸ್ ಮೊದಲು ತಲುಪೋದೇ ಆ ಒಲೆಗೆ. ಸಾಧ್ಯವಾದರೆ ಸೌದೆ ಒಲೆಯನ್ನು ಹೊರಗೆ ಹಾಕಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಗ್ಯಾಸ್ ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಲಿ. ಹಗೇವಿನಂಥ ತಗ್ಗಿನಲ್ಲಿ ತುಂಬಿದ ಸಿಲಿಂಡರ್ ಇಡಲೇಬೇಡಿ.

ಸಿಲಿಂಡರ್ ತಂದಾಗ ಹಿಡಿಕೆಯ ಪಟ್ಟಿಯ ಒಳಭಾಗ ನೋಡಿ. 'ಬಿ-28' ಅಂತಿದ್ದರೆ 2028ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ಪರೀಕ್ಷೆ ಆಗಬೇಕು ಎಂದರ್ಥ. 'ಎ' ಅಂದರೆ ಮೊದಲ ಮೂರು ತಿಂಗಳು, 'ಡಿ' ಕೊನೆಯ ಮೂರು. ದಿನ ಕಳೆದಿದ್ದರೆ ವಾಪಸ್ ಕೊಡಿ, ಸಂಕೋಚ ಬೇಡ. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ.

ವಾಸನೆ ಬಂದರೆ ಉರಿಯುವ ಒಲೆ, ದೀಪ ಆರಿಸಿ. ಲೈಟ್ ಸ್ವಿಚ್ ಹಾಕಲೂಬೇಡಿ, ತೆಗೆಯಲೂಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಸೇಫ್ಟಿ ಕ್ಯಾಪ್ ಹಾಕಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಮನೆಯಿಂದ ದೂರ ನಿಂತು 1906ಕ್ಕೆ ಫೋನ್ ಮಾಡಿ.