ಹದಿನಾರು ನಿಮಿಷದ ಹೊಸ್ತಿಲು

ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಊರಿನಲ್ಲಿ ಬೆಳೆದವರು ಭಾಷೆಗೆ ಪಾಸು-ಫೇಲು ಇರುವುದನ್ನು ಶಾಲೆಯ ಹೊರಗೆ ಕಂಡಿರುವುದಿಲ್ಲ. ಮನೆಯಲ್ಲಿ ಕನ್ನಡ, ಗದ್ದೆಯ ಕೂಲಿಯವರೊಡನೆ ತೆಲುಗು, ಬಳ್ಳಾರಿಯ ಪೇಟೆಗೆ ಹೋದರೆ ಒಂದಿಷ್ಟು ಉರ್ದು. ಬಾಯಿಗೆ ಬಂದಷ್ಟು ಆಡಿದರೂ ವ್ಯವಹಾರ ನಡೆಯುತ್ತದೆ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಬಿಡಿಸಿ ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲ್ಲೂಕುಗಳನ್ನು ಮೈಸೂರಿಗೂ, ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ ಹಂಚಿದಾಗ ಭಾಷೆಯ ಹೆಸರಿನಲ್ಲಿ ನೆಲಕ್ಕೆ ಗೆರೆ ಬಿತ್ತು. ಆದರೆ ಗೆರೆಯ ಆಚೀಚೆ ಉಳಿದವರ ನಾಲಿಗೆಯನ್ನು ಯಾರೂ ಪರೀಕ್ಷಿಸಲಿಲ್ಲ. ಇಂಥ ನೆಲದಿಂದ ಮದುವೆಯಾಗಿ ಬ್ರಿಟನ್ನಿಗೆ ಹೊರಡುವವರಿಗೆ ಎದುರಾಗುವ ಗೆರೆ ಬೇರೆ ಬಗೆಯದು. ಅಲ್ಲಿ ಪಾಸ್‌ಪೋರ್ಟ್ ಜೊತೆಗೆ ಕಿವಿಯನ್ನೂ ನಾಲಿಗೆಯನ್ನೂ ತೋರಿಸಬೇಕು.

ಪರೀಕ್ಷೆಯ ಕೋಣೆಯಲ್ಲಿ

ಬ್ರಿಟನ್ನಿನ ಪ್ರಜೆಯನ್ನೋ ಅಲ್ಲಿ ಕಾಯಂ ನೆಲೆಸಿದವರನ್ನೋ ಮದುವೆಯಾಗಿ ಬರುವವರು ಹೊರಡುವ ಮುನ್ನವೇ ಇಂಗ್ಲಿಷ್ ಆಡುವ ಮತ್ತು ಆಲಿಸುವ ಪರೀಕ್ಷೆ ಮುಗಿಸಬೇಕೆಂಬ ನಿಯಮ 2010ರ ನವೆಂಬರ್ 29ರಂದು ಜಾರಿಗೆ ಬಂತು. ಯುರೋಪಿನ ಆರು ಹಂತಗಳ ಅಳತೆಗೋಲಿನಲ್ಲಿ ಮೊದಲನೆಯದಾದ ಎ1 ಬಂದರೆ ಪ್ರವೇಶ. ಎರಡೂವರೆ ವರ್ಷದ ಬಳಿಕ ವೀಸಾ ಮುಂದುವರಿಸಲು ಎ2 ಬೇಕೆಂಬ ಷರತ್ತು 2017ರ ಮೇ ತಿಂಗಳಿಂದ ಸೇರಿಕೊಂಡಿತು. ಕಾಯಂ ವಾಸಕ್ಕೂ ಪೌರತ್ವಕ್ಕೂ ಬಿ1 ಹಂತದ ಮಾತಿನ ಪರೀಕ್ಷೆಯ ಜೊತೆಗೆ ಆ ದೇಶದ ಬದುಕಿನ ಬಗ್ಗೆ 24 ಪ್ರಶ್ನೆಗಳ ಇನ್ನೊಂದು ಪರೀಕ್ಷೆಯನ್ನೂ 2013ರ ಅಕ್ಟೋಬರ್‌ನಿಂದ ಪಾಸು ಮಾಡಬೇಕಾಯಿತು. ಸಾಫ್ಟ್‌ವೇರ್ ನೌಕರಿಗೆ ಹೋದವರ ಸಂಗಾತಿಗಳಿಗೆ ಬಹುಕಾಲ ಪ್ರವೇಶದಲ್ಲಿ ಈ ಕಟ್ಟಳೆ ಇರಲಿಲ್ಲ. ಕಾಯಂ ವಾಸ ಕೇಳುವ ಹೊತ್ತಿಗೆ ಅವರೂ ಅದೇ ಕೋಣೆಗೆ ಬರಬೇಕಿತ್ತು.

ಈ ಉದ್ದೇಶಕ್ಕೆಂದೇ ಇರುವ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಪರೀಕ್ಷೆಯ ಎ1 ಹಂತ 16ರಿಂದ 18 ನಿಮಿಷದಲ್ಲಿ ಮುಗಿಯುತ್ತದೆ. ಪರೀಕ್ಷಕರು ಒಬ್ಬರು, ಅಭ್ಯರ್ಥಿಗಳು ಇಬ್ಬರು. ಮನೆ, ಅಂಗಡಿ, ಹವಾಮಾನದಂಥ ವಿಷಯಗಳು. ಧ್ವನಿಮುದ್ರಿಕೆ ಕೇಳಿ ಉತ್ತರಿಸಬೇಕು, ಪಕ್ಕದಲ್ಲಿ ಕೂತ ಅಪರಿಚಿತರನ್ನು ಪ್ರಶ್ನಿಸಲೂ ಬೇಕು. ಓದುವುದು, ಬರೆಯುವುದು ಇಲ್ಲ, ಅಂಕವೂ ಇಲ್ಲ.

ಓದುಬರಹ ಇಲ್ಲದವರಿಗೆ ಇದು ಅನುಕೂಲವೆಂದು ಮೇಲ್ನೋಟಕ್ಕೆ ಕಾಣುತ್ತದೆ. ನಮ್ಮ ಕಡೆಯ ಕಷ್ಟ ಅದಕ್ಕೆ ತಿರುವುಮುರುವು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು. ಗೈಡಿನ ಉತ್ತರ ಬಾಯಿಪಾಠ ಮಾಡಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದವರಿಗೂ ಆ ಭಾಷೆ ಕಿವಿಗೆ ಬಿದ್ದದ್ದು ಕಡಿಮೆ. ತಿಳಿಯದಿದ್ದರೆ ‘ಇನ್ನೊಮ್ಮೆ ಹೇಳಿ’ ಎಂದು ಕೇಳುವುದು ಮಾತುಕತೆಯ ಸಹಜ ಭಾಗ, ಆದರೆ ನಮ್ಮ ತರಗತಿಗಳಲ್ಲಿ ಹಾಗೆ ಕೇಳಿದವರು ದಡ್ಡರೆನಿಸಿಕೊಂಡಿದ್ದಾರೆ. ಹೊಸಬರ ಮುಂದೆ ತಗ್ಗಿದ ದನಿಯಲ್ಲಿ ಒಂದೇ ಮಾತಿನ ಉತ್ತರ ಕೊಡುವುದನ್ನು ಮರ್ಯಾದೆಯೆಂದು ಕಲಿತ ಹೆಣ್ಣುಮಗಳಿಗೆ ಆ ಮರ್ಯಾದೆಯೇ ಅಡ್ಡ ಬರಬಹುದು. ಸ್ಪೋಕನ್ ಇಂಗ್ಲಿಷ್ ಕೋಚಿಂಗ್‌ಗೆ ಸೇರಿದವರು ಪದಗಳಿಗಿಂತ ಮೊದಲು ಈ ಸಂಕೋಚವನ್ನು ಬಿಡಬೇಕಾಗುತ್ತದೆ.

ಭಾರತದಲ್ಲಿ ಇಂಗ್ಲಿಷ್ ಇಷ್ಟು ಬಳಕೆಯಲ್ಲಿದ್ದರೂ ಬ್ರಿಟನ್ ವಿನಾಯಿತಿ ಕೊಡುವ ‘ಇಂಗ್ಲಿಷ್ ಬಹುಸಂಖ್ಯಾತ’ ದೇಶಗಳ ಪಟ್ಟಿಯಲ್ಲಿ ನಾವಿಲ್ಲ. ಇಂಗ್ಲಿಷ್‌ನಲ್ಲೇ ಕಲಿತು ಪದವಿ ಪಡೆದವರು ಆ ಪದವಿಯ ಬಲದಿಂದ ಪರೀಕ್ಷೆ ತಪ್ಪಿಸಿಕೊಳ್ಳಬಹುದು. ಹೀಗಾಗಿ ಪರೀಕ್ಷೆಯ ಭಾರ ಬೀಳುವುದು ಹೆಚ್ಚಾಗಿ ಹಳ್ಳಿಯವರ, ಕಡಿಮೆ ಓದಿದವರ ಮೇಲೆ.

ನಟಾಲಿನಿಂದ ಬಂದ ದಾರಿ

ಭಾಷೆಯನ್ನು ಬಾಗಿಲಿನ ಅಗುಳಿ ಮಾಡಿಕೊಂಡ ಚರಿತ್ರೆಯಲ್ಲಿ ಭಾರತೀಯರು ಮೊದಲಿನಿಂದಲೂ ಇದ್ದಾರೆ. 1897ರ ಜನವರಿಯಲ್ಲಿ ಗುಜರಾತಿನ ಯುವ ವಕೀಲರೊಬ್ಬರು ಡರ್ಬನ್ನಿನಲ್ಲಿ ಹಡಗಿನಿಂದಿಳಿದಾಗ ಬಿಳಿಯರ ಗುಂಪು ಅವರ ಮೇಲೆರಗಿತು. ಅದೇ ವರ್ಷ ನಟಾಲ್ ವಸಾಹತು ತಂದ ವಲಸೆ ಕಾನೂನು ಯುರೋಪಿನ ಭಾಷೆಯೊಂದರಲ್ಲಿ ಅರ್ಜಿ ಬರೆಯಲಾಗದವರನ್ನು ತಡೆಯಿತು. ಭಾರತೀಯರು ಎಂಬ ಪದ ಬಳಸದೆಯೇ ಭಾರತೀಯರನ್ನು ದೂರವಿಡುವ ಉಪಾಯ ಅದು. 1901ರಲ್ಲಿ ಆಸ್ಟ್ರೇಲಿಯ ಅದನ್ನೇ 50 ಪದಗಳ ಉಕ್ತಲೇಖನವಾಗಿ ಬೆಳೆಸಿತು. ಯಾವ ಭಾಷೆಯಲ್ಲಿ ಬರೆಸಬೇಕೆಂಬ ಆಯ್ಕೆ ಅಧಿಕಾರಿಯದು. 1934ರಲ್ಲಿ ಹಲವು ಭಾಷೆ ಬಲ್ಲ ಪ್ರೇಗ್‌ನ ಪತ್ರಕರ್ತರೊಬ್ಬರನ್ನು ಹೊರಗಿಡಲು ಸ್ಕಾಟಿಷ್ ಗೇಲಿಕ್‌ನಲ್ಲಿ ಬರೆಸಲಾಯಿತು. ಆ ಪದ್ಧತಿ 1958ರಲ್ಲಿ ರದ್ದಾಯಿತು.

ಇಂದಿನ ಪರೀಕ್ಷೆಯನ್ನು ಇದಕ್ಕೆ ಸಮವೆನ್ನುವುದು ಅನ್ಯಾಯ. ಪಠ್ಯ, ಮಟ್ಟ ಮೊದಲೇ ಗೊತ್ತಿರುತ್ತವೆ, ಕಲಿತವರು ಪಾಸಾಗುತ್ತಾರೆ. ಆದರೂ ಹಳೆಯ ಅನುಮಾನದ ವಾಸನೆ ಪೂರ್ತಿ ಹೋಗಿಲ್ಲ.

ಎರಡು ಕಡೆಯ ಮಾತು

ನಿಯಮವನ್ನು ಸಮರ್ಥಿಸುವವರ ವಾದ ತಳ್ಳಿಹಾಕುವಂಥದ್ದಲ್ಲ. ವೈದ್ಯರಿಗೆ ನೋವು ಎಲ್ಲಿದೆಯೆಂದು ಹೇಳಲಾರದ, ಗಂಡ ಹೊಡೆದರೆ ಪೊಲೀಸರಿಗೆ ಫೋನು ಮಾಡಲಾರದ ಹೆಂಗಸಿಗೆ ಪರದೇಶವೇ ಸೆರೆಮನೆ. ನಾಲ್ಕು ಮಾತು ಬಂದರೆ ಅವಳು ಗಂಡನ ಬಾಯಿಗೆ ಕಾಯಬೇಕಿಲ್ಲ. ವಿರೋಧಿಸುವವರು ಕೇಳುವುದು, ಆ ನಾಲ್ಕು ಮಾತನ್ನು ಅಲ್ಲೇ ಹೋಗಿ ಕಲಿಯಬಾರದೇಕೆ ಎಂದು. ಕೇಳುವವರು, ಆಡುವವರು ಇರುವ ಊರಿನಲ್ಲಿ ಭಾಷೆ ಬೇಗ ಹತ್ತುತ್ತದೆ. 2015ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತಾದರೂ, ಕಲಿಕೆಯೂ ಪರೀಕ್ಷಾ ಕೇಂದ್ರವೂ ಕೈಗೆಟುಕದವರ ಮೇಲೆ ಅದನ್ನು ಹೇರಿದರೆ ಕುಟುಂಬ ಜೀವನದ ಹಕ್ಕಿಗೆ ಧಕ್ಕೆಯಾದೀತೆಂದು ಎಚ್ಚರಿಸಿತು.

ಇದರ ನಡುವೆ ಎರಡು ಸಂಗತಿಗಳು ಸರ್ಕಾರದ ವಾದವನ್ನು ದುರ್ಬಲಗೊಳಿಸಿದವು. ಪರೀಕ್ಷೆ ಬಿಗಿಯಾಗುತ್ತಿದ್ದ ವರ್ಷಗಳಲ್ಲೇ ಇಂಗ್ಲೆಂಡಿನಲ್ಲಿ ವಲಸಿಗರಿಗೆ ಇಂಗ್ಲಿಷ್ ಕಲಿಸುವ ಅನುದಾನ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನೊಂದು, 2014ರಲ್ಲಿ ಬಯಲಾದ ವಿದ್ಯಾರ್ಥಿ ವೀಸಾ ಪರೀಕ್ಷೆಯ ವಂಚನೆ. ಬದಲಿ ವ್ಯಕ್ತಿಗಳು ಮಾತನಾಡಿದ್ದು ನಿಜ. ಆದರೆ ಆ ಬಳಿಕ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಕ್ರಮವಾಯಿತು, ಸಾವಿರಾರು ಮಂದಿ ಮೇಲ್ಮನವಿಯಲ್ಲಿ ಗೆದ್ದರು. ಧ್ವನಿಮುದ್ರಿಕೆ ಹೋಲಿಸಿ ಬದುಕನ್ನು ತೀರ್ಮಾನಿಸುವಾಗ ಬೇಕಾದ ಎಚ್ಚರ ಅಲ್ಲಿ ಕಾಣಲಿಲ್ಲ. 2025ರ ಮೇ ತಿಂಗಳ ಶ್ವೇತಪತ್ರ ಕಾಯಂ ವಾಸದ ಮಟ್ಟವನ್ನು ಬಿ2ಕ್ಕೆ ಏರಿಸುವ, ನೌಕರರ ಸಂಗಾತಿಗಳಿಗೂ ಪ್ರವೇಶದಲ್ಲೇ ಎ1 ಕೇಳುವ ಪ್ರಸ್ತಾವ ಮುಂದಿಟ್ಟಿತು.

ಕೆನಡಾದ ಕ್ರಮ ಇದಕ್ಕಿಂತ ಹದವಾಗಿದೆ. ಅಲ್ಲಿ ಗಂಡನೋ ಹೆಂಡತಿಯೋ ಕರೆಸಿಕೊಂಡ ಸಂಗಾತಿ ಮೊದಲು ಬಂದು ಸೇರುತ್ತಾರೆ. ಕಾಯಂ ನಿವಾಸಿಗಳಿಗೆ ಸರ್ಕಾರದ ಖರ್ಚಿನಲ್ಲೇ ಭಾಷಾ ತರಗತಿಗಳು 1992ರಿಂದ ನಡೆದಿವೆ. ಪೌರತ್ವ ಕೇಳುವಾಗ 18ರಿಂದ 54ರ ವಯಸ್ಸಿನವರು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ಆಡುವ, ಆಲಿಸುವ ಶಕ್ತಿ ತೋರಿಸಿದರೆ ಸಾಕು. ಮತ ಹಾಕುವವರಿಗೆ ದೇಶದ ಮಾತು ತಿಳಿದಿರಲಿ ಎಂಬ ಬೇಡಿಕೆ ನ್ಯಾಯವಾದದ್ದೇ. ಗಂಡನ ಮನೆಯ ಬಾಗಿಲಲ್ಲಿ ಅದನ್ನೇ ಕೇಳುವುದಕ್ಕೆ ಅಷ್ಟು ಸಮರ್ಥನೆ ಸಿಗುವುದಿಲ್ಲ.

ನಮ್ಮ ಕಾನೂನಿನಲ್ಲಿ

ನಾವೂ ಕೇಳುವವರೇ. ಸರ್ಕಾರಿ ನೌಕರಿಗೆ ಬರುವವರಿಗೆ ಕರ್ನಾಟಕ ಕನ್ನಡ ಪರೀಕ್ಷೆ ಇಟ್ಟಿದೆ, ಬಂದು ನೆಲೆಸಿದವರು ಕನ್ನಡ ಕಲಿಯಲಿ ಎಂದು ಒತ್ತಾಯಿಸುತ್ತೇವೆ. ಹೊರದೇಶದ ನಿಯಮವನ್ನು ಬೈಯುವಾಗ ಇದು ನೆನಪಿರಬೇಕು. ಭಾರತದ ಪೌರತ್ವಕ್ಕೂ ಭಾಷೆಯ ಷರತ್ತಿದೆ. 1955ರ ಪೌರತ್ವ ಕಾಯ್ದೆಯ ಮೂರನೆಯ ಅನುಸೂಚಿ ಸಾಮಾನ್ಯ ಅರ್ಜಿದಾರರಿಂದ ಸುಮಾರು ಹನ್ನೆರಡು ವರ್ಷಗಳ ವಾಸವನ್ನೂ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯೊಂದರ ಸಾಕಷ್ಟು ತಿಳಿವಳಿಕೆಯನ್ನೂ ಕೇಳುತ್ತದೆ. ಆ ಪಟ್ಟಿಯ 22 ಭಾಷೆಗಳಲ್ಲಿ ಇಂಗ್ಲಿಷ್ ಇಲ್ಲ, ಕನ್ನಡವಿದೆ. ಬಾದನಹಟ್ಟಿಯಲ್ಲಿ ಹನ್ನೆರಡು ವರ್ಷ ಕಳೆದವರಿಗೆ ಅಷ್ಟರಲ್ಲಿ ತೆಲುಗೂ ಬಂದಿರುತ್ತದೆ. ಅದೂ ಆ ಪಟ್ಟಿಯಲ್ಲಿದೆ.